ಡಬ್ಬದ ಮೇಲೆ 400 ಲ್ಯೂಮೆನ್, ಕಾತ್ರಜ್ ಗುಡ್ಡದ ಮೇಲೆ ಎಷ್ಟು?

ಪುಣೆಯಲ್ಲಿ ರಾತ್ರಿ ಟ್ರೆಕ್‌ಗೆ ಅಂತಲೇ ಈ ಹೆಡ್‌ಲ್ಯಾಂಪ್ ಕೊಂಡೆ. ಡಬ್ಬದ ಮೇಲೆ 400 ಲ್ಯೂಮೆನ್ (ದೀಪ ಕೊಡುವ ಒಟ್ಟು ಬೆಳಕಿನ ಅಳತೆ), 100 ಮೀಟರ್, 5 ಗಂಟೆ ಅಂತಿದೆ. ಪಕ್ಕದಲ್ಲಿ ಎಫ್‌ಎಲ್1 ಗುರುತು, ಅಂದರೆ ಟಾರ್ಚ್ ದೀಪಗಳ ಅಳತೆಯ ಮಾನದಂಡ. ಅದಿದ್ದರೆ ಅಳತೆಗೊಂದು ಕ್ರಮ ಇದೆ ಅಂತ. ಇಲ್ಲದಿದ್ದರೆ ಬಾಯಿಗೆ ಬಂದ ಸಂಖ್ಯೆಯೂ ಇರಬಹುದು.

ಆದರೆ ಕ್ರಮವನ್ನೂ ತಿಳಿದಿರಬೇಕು. ಲ್ಯೂಮೆನ್ ಅಳೆಯುವುದು ದೀಪ ಹಚ್ಚಿದ 30 ಸೆಕೆಂಡಿನಿಂದ 2 ನಿಮಿಷದೊಳಗೆ. 100 ಮೀಟರ್ ಅಂದರೆ ಅಷ್ಟು ದೂರದ ಕಲ್ಲು ಸ್ಪಷ್ಟವಾಗಿ ಕಾಣುತ್ತದೆ ಅಂತಲ್ಲ. ಅಲ್ಲಿ ಬೆಳಕು 0.25 ಲಕ್ಸ್‌ಗೆ ಇಳಿದಿರುತ್ತದೆ, ಹೆಚ್ಚುಕಡಿಮೆ ಹುಣ್ಣಿಮೆ ಬೆಳದಿಂಗಳಷ್ಟು. 50 ಮೀಟರಿನಲ್ಲಿ ಅದರ ನಾಲ್ಕು ಪಟ್ಟು. ಗಂಟೆಯ ಲೆಕ್ಕವೇ ಮಜಾ! ಮೊದಲಿನ ಬೆಳಕಿನ ಶೇ 10ಕ್ಕೆ ಇಳಿಯುವವರೆಗೂ ದೀಪ ಉರಿಯುತ್ತಿದೆ ಅಂತಲೇ ಲೆಕ್ಕ. 400 ಇದ್ದದ್ದು 45ಕ್ಕೆ ಬಂದರೂ ಪಾಸ್.

ಕಾತ್ರಜ್‌ನಿಂದ ಸಿಂಹಗಡ ಕೋಟೆಯ ದಾರಿಯಲ್ಲಿ ಗುಡ್ಡ ಹತ್ತಿ ಇಳಿಯುವುದೇ ಜಾಸ್ತಿ. ಇಳಿಜಾರಿನ ಸಡಿಲ ಜಲ್ಲಿಯ ಮೇಲೆ ನೋಡಬೇಕಾದದ್ದು ಪಾದದ ಮುಂದಿನ ನಾಲ್ಕು ಹೆಜ್ಜೆ, 100 ಮೀಟರ್ ಯಾರಿಗೆ ಬೇಕು, ಅಲ್ವಾ? ಪೂರ್ತಿ ಬೆಳಕಿಗಿಟ್ಟರೆ ಬೇಗ ಮಂಕಾಗುತ್ತದೆ. ಮಧ್ಯದ ಮೋಡ್‌ನಲ್ಲಿ ಬೆಳಗಿನವರೆಗೂ ಏನೂ ತೊಂದರೆಯಿಲ್ಲ.

ಗುಂಡಿ ಮಾತ್ರ ತೀರಾ ಮೆತ್ತಗೆ. ಬ್ಯಾಗಿನಲ್ಲಿ ಒತ್ತಿಕೊಂಡು ತಾನೇ ಹತ್ತಿಕೊಳ್ಳುತ್ತದೆ. ಪಟ್ಟಿಯೂ ಬೆವರಿಗೆ ಹುಬ್ಬಿನವರೆಗೆ ಜಾರುತ್ತದೆ. ಕೊಳ್ಳುವವರು ಮಧ್ಯದ ಮೋಡ್‌ನ ಲ್ಯೂಮೆನ್ ಮತ್ತು ಗಂಟೆ ಎರಡನ್ನೂ ನೋಡಿ. ದೊಡ್ಡಕ್ಷರದ 400 ಸುಮ್ನೆ ಅಂಗಡಿಯವರಿಗೆ.