ಹೊಸತೊಡಕಿನ ಬಾಡೂಟಕ್ಕೆ ಮಾಂಸದ ಚೀಟಿ: ಸೇರಬಹುದೇ?

ಯುಗಾದಿಯ ಮರುದಿನದ ಹೊಸತೊಡಕಿಗೆ ನೆಂಟರಿಷ್ಟರೆಲ್ಲ ಬಂದು ಸೇರುವ ಮಂಡ್ಯದ ಮನೆಗಳಲ್ಲಿ ಮಾಂಸದ ಚಿಂತೆಯನ್ನು ಹಬ್ಬದ ವಾರದವರೆಗೆ ಬಿಟ್ಟುಕೊಂಡರೆ ಕೈಗೂ ಹೊರೆ, ಮನಸ್ಸಿಗೂ ಹೊರೆ. ಅದಕ್ಕೆಂದೇ ಒಂದು ಯುಗಾದಿ ಮುಗಿಯುತ್ತಲೇ ಮುಂದಿನ ಯುಗಾದಿಗೆ ಕಂತು ಕಟ್ಟಿಸಿಕೊಳ್ಳುವ ಮಾಂಸದ ಚೀಟಿಗಳು ಇಲ್ಲಿ ನಡೆಯುತ್ತವೆ. ನಮ್ಮ ಬೀದಿಯ ಕೆಲವರು ಸೇರಿ ನಡೆಸುವ ಚೀಟಿಗೆ ತಿಂಗಳಿಗೆ 500 ರೂಪಾಯಿಯಂತೆ ವರ್ಷವಿಡೀ ಕಟ್ಟಿ, 7 ಕಿಲೋ ಕುರಿಮಾಂಸದ ಪಾಲು ಪಡೆದ ಮೇಲೆ ಈ ಮಾತು ಬರೆಯುತ್ತಿದ್ದೇನೆ. ದೊಡ್ಡ ಕುಟುಂಬಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ಕಂಡಿಲ್ಲ.

ಕಂತಿನ ಅನುಕೂಲ ಎಲ್ಲರಿಗೂ ತಿಳಿದದ್ದೇ; ನನಗೆ ಹೆಚ್ಚು ಹಿಡಿಸಿದ್ದು ಗುಡ್ಡೆ ಹಾಕುವ ಕ್ರಮ. ಹಬ್ಬದ ನೂಕುನುಗ್ಗಲಿನಲ್ಲಿ ಅಂಗಡಿಯವರು ತೂಗಿ ಕೊಡುವ ಮಾಂಸದಲ್ಲಿ ಯಾವ ಭಾಗ ಎಷ್ಟು ಬಂದಿದೆ ಎಂಬುದು ಮನೆಗೆ ತಂದು ಬಿಚ್ಚಿದಾಗಲೇ ಗೊತ್ತಾಗುವುದು. ಇಲ್ಲಿ ಟಾರ್ಪಾಲಿನ ಮೇಲೆ ಬಾಳೆಲೆ ಹಾಸಿ, ಮೊದಲು ತೊಡೆಯ ತುಂಡುಗಳನ್ನು ಎಲ್ಲ ಪಾಲಿಗೂ ಹಾಕಿ, ಆಮೇಲೆ ಪಕ್ಕೆ, ಎದೆ, ಕತ್ತು, ಕೊನೆಗೆ ಈಲಿ, ಗುಂಡಿಗೆ, ಕೊಬ್ಬಿನ ಚೂರುಗಳವರೆಗೆ ಪ್ರತಿಯೊಂದೂ ಎಲ್ಲ ಗುಡ್ಡೆಗಳನ್ನು ಸುತ್ತಿ ಬರುವಂತೆ ಹಂಚಿ, ಬಳಿಕ ತಕ್ಕಡಿಗಿಟ್ಟು ಹೆಚ್ಚುಕಡಿಮೆಯನ್ನು ಸರಿದೂಗಿಸುತ್ತಾರೆ. ಹೀಗಾಗಿ ಸಾರಿಗೆ ಬೇಕಾದ ಮೂಳೆ, ಚಾಪ್ಸಿಗೆ ಪಕ್ಕೆ, ಕೈಮ ಉಂಡೆಗೆ ಮೆತ್ತನೆಯ ಮಾಂಸ ಎಲ್ಲವೂ ಒಂದೇ ಪಾಲಿನಲ್ಲಿ ಸಿಗುತ್ತವೆ, ಅಡುಗೆಯನ್ನು ಹಿಂದಿನ ದಿನವೇ ಗೊತ್ತುಮಾಡಿಕೊಂಡು ಮಸಾಲೆ ಹುರಿದಿಟ್ಟುಕೊಳ್ಳಬಹುದು. ತಲೆ, ಕಾಲು, ಬೋಟಿ ಮಾತ್ರ ಗುಡ್ಡೆಗೆ ಸೇರುವುದಿಲ್ಲ. ಅವನ್ನು ಬೇರೆಯಾಗಿ ಹರಾಜು ಹಾಕುತ್ತಾರೆ. ಬೋಟಿ ಗೊಜ್ಜಿಲ್ಲದೆ ಹೊಸತೊಡಕು ಆಗದು ಎನ್ನುವ ಮನೆಯವರು ಇದನ್ನು ಮೊದಲೇ ಕೇಳಿಕೊಳ್ಳಬೇಕು.

ಕುರಿಯ ವಿಷಯದಲ್ಲಿ ನನಗೆ ತೃಪ್ತಿಯಾಗಲಿಲ್ಲ. ಕಂತು ಶುರುವಾದಾಗ ಬಂಡೂರು ಕುರಿ ಎಂದಿದ್ದರು; ಬಂದವುಗಳಲ್ಲಿ ಸುಮಾರು ಅರ್ಧ ಉದ್ದ ಕಾಲಿನ ಬೇರೆ ತಳಿಯವು. ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರು ಹೊತ್ತ, ಬನ್ನೂರು ಕುರಿ ಎಂದೂ ಕರೆಸಿಕೊಳ್ಳುವ ಈ ತಳಿಯನ್ನು ಗಿಡ್ಡ ಕಾಲು, ತುಂಬಿಕೊಂಡ ಮೈ, ಅಗಲವಾದ ಹಿಂಭಾಗದಿಂದ ಯಾರಾದರೂ ಗುರುತಿಸಬಹುದು. ಮಾಂಸದ ಎಳೆಗಳ ನಡುವೆಯೇ ಕೊಬ್ಬು ಹರಡಿಕೊಂಡಿರುವುದರಿಂದ ಅದು ಮೃದುವಾಗಿ ಬೇಯುತ್ತದೆ, ಆ ಕಾರಣಕ್ಕೇ ಬೆಲೆಯೂ ಹೆಚ್ಚು. ಬಂಡೂರಿನ ಲೆಕ್ಕದಲ್ಲಿ ಹಣ ಪಡೆದವರು ಬಂಡೂರು ಕುರಿಯನ್ನೇ ತರಬೇಕು. ಹಬ್ಬಕ್ಕೆ ಮುಂಚೆ ಒಮ್ಮೆ ಹೋಗಿ ಕುರಿಗಳನ್ನು ಕಣ್ಣಾರೆ ನೋಡಿ ಬರುವುದು ಒಳ್ಳೆಯದು.

ದಿನದ ವಿಷಯದಲ್ಲಿ ಅವರ ನಡವಳಿಕೆ ಮೆಚ್ಚುವಂಥದು. 2025ರಲ್ಲಿ ಯುಗಾದಿ ಮಾರ್ಚ್ 30ರ ಭಾನುವಾರ ಬಂದು ಹೊಸತೊಡಕು ಸೋಮವಾರಕ್ಕೆ ಬಿದ್ದಾಗ, ಸೋಮವಾರ ಮಾಂಸ ಮುಟ್ಟದ ಮನೆಗಳಿಗೆಂದು ಮಂಗಳವಾರವೂ ಕುರಿ ಕೊಯ್ದು ಪಾಲು ಹಾಕಿದರು. ಒಂದೇ ದಿನ ಕೊಟ್ಟು ಕೈತೊಳೆದುಕೊಂಡಿದ್ದರೆ ಮಾರ್ಚಿನ ಸೆಕೆಯಲ್ಲಿ 7 ಕಿಲೋ ಮಾಂಸಕ್ಕೆ ಮನೆಯ ಫ್ರಿಜ್ಜಿನಲ್ಲಿ ಜಾಗ ಮಾಡಿ, ಒಂದು ಹಗಲು, ಒಂದು ರಾತ್ರಿ ಕೆಡದಂತೆ ಇಟ್ಟುಕೊಳ್ಳಬೇಕಾಗುತ್ತಿತ್ತು.

ಎಷ್ಟು ಪಾಲು ಹಿಡಿಯಬೇಕೆಂಬುದನ್ನು ಊಟಕ್ಕೆ ಕೂರುವವರನ್ನು ಎಣಿಸಿ ತೀರ್ಮಾನಿಸಿ. ಸಾರು, ಚಾಪ್ಸು, ಕೈಮ ಮೂರನ್ನೂ ಮಾಡುವುದಾದರೆ ತಲೆಗೆ ಕಾಲು ಕಿಲೋ ಬೇಕು. ಆ ಲೆಕ್ಕದಲ್ಲಿ ಒಂದು ಪಾಲು 28 ಜನಕ್ಕೆ ಸರಿಹೋಗುತ್ತದೆ. ಮುದ್ದೆಗೆ, ಕಿಲೋ ರಾಗಿಹಿಟ್ಟಿಗೆ ಹತ್ತು ಮುದ್ದೆಯೆಂದು ಹಿಡಿದರೆ ಮೋಸವಿಲ್ಲ. ಹತ್ತು ಜನರೊಳಗಿನ ಮನೆಯವರು ಅರ್ಧ ಪಾಲಿಗೆ ಜೊತೆಗಾರರು ಸಿಗದಿದ್ದರೆ ಅಂಗಡಿಯಲ್ಲೇ ಕೊಳ್ಳಲಿ. ಸೇರುವವರು ಪ್ರತಿ ಕಂತಿಗೂ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು, ಕುರಿಯ ತಳಿ, ಪಾಲಿನ ತೂಕ, ಕೊಡುವ ದಿನ ಈ ಮೂರನ್ನೂ ಅದೇ ಪುಸ್ತಕದ ಮೊದಲ ಪುಟದಲ್ಲಿ ಬರೆಸಿಕೊಳ್ಳಲಿ.