ಬರದ ದಿನ ಯಾರು ಕೇಳ್ತಾರೆ? ನಾಲ್ಕು ಬಗೆಯ ಆನ್‌ಲೈನ್ ಫಿಟ್‌ನೆಸ್ ಬಳಗಗಳ ಹೋಲಿಕೆ

ಬೆಳಗ್ಗೆ ಐದೂಕಾಲಿಗೆ ಅಲಾರಂ ಆರಿಸೋಣ ಅಂತ ಫೋನ್ ಕೈಗೆತ್ತಿಕೊಂಡರೆ ಆಗಲೇ 63 ಮೆಸೇಜು ಬಂದು ಕೂತಿದ್ದವು. ಸೂರ್ಯೋದಯದ ಚಿತ್ರ, ಅದರ ಮೇಲೆ ದಪ್ಪಕ್ಷರದಲ್ಲಿ ಬೆವರು-ಗೆಲುವು ಅಂತೇನೋ ಒಂದು ಸಾಲು, ಕೆಳಗೆ ತೋಳು ಮಡಚಿದ ಇಮೋಜಿಗಳು. ಅದೇ ಚಿತ್ರ ಇನ್ನೊಬ್ಬರಿಂದ ಇನ್ನೊಂದು ಸಲ. ಮಲಗಿದಲ್ಲೇ ಎಲ್ಲ ಓದಿ, ನಾಲ್ಕು ಜನಕ್ಕೆ ಚಪ್ಪಾಳೆ ಒತ್ತಿ, ಒಬ್ಬರಿಗೆ "ಸೂಪರ್ ಸರ್" ಅಂತ ಬರೆದು ಗಡಿಯಾರ ನೋಡಿದರೆ ಆರಕ್ಕೆ ಐದು ನಿಮಿಷ. ವಾಕಿಂಗಿಗೆ ಇಟ್ಟಿದ್ದ ಹೊತ್ತೆಲ್ಲ ವಾಕಿಂಗಿನ ಬಗ್ಗೆ ಓದುವುದರಲ್ಲೇ ಕಳೆದಿತ್ತು.

ಅವತ್ತು ಹುಟ್ಟಿದ ಸಿಟ್ಟಿನಿಂದಲೇ ಈ ಹೋಲಿಕೆ. ಸುಮಾರು ಒಂದು ವರ್ಷದಲ್ಲಿ ನಾಲ್ಕು ಬಗೆಯ ಬಳಗಗಳಲ್ಲಿ ಇದ್ದು ನೋಡಿದೆ. 240 ಜನರ ದೊಡ್ಡ ಗ್ರೂಪು ಮೊದಲನೆಯದು. ಆಮೇಲೆ ಅಂಕ, ಯಾರು ಮುಂದೆ ಯಾರು ಹಿಂದೆ ಅನ್ನುವ ಪಟ್ಟಿ, ಸ್ಟ್ರೀಕು (ಒಂದು ದಿನವೂ ತಪ್ಪದೆ ಸತತವಾಗಿ ಮಾಡಿದ ದಿನಗಳ ಎಣಿಕೆ) ಇರುವ ಆ್ಯಪು. ಅದಾದ ಮೇಲೆ ಒಬ್ಬರೇ ಒಬ್ಬ ಜೊತೆಗಾತಿ. ಕೊನೆಗೆ ನಾಲ್ಕೇ ಜನರ ಪುಟ್ಟ ಬಳಗ. ಒಂದೊಂದಕ್ಕೂ ಹನ್ನೆರಡು ವಾರ, ಅಂದರೆ 84 ದಿನ. ಗುರಿ ಎಲ್ಲ ಕಡೆಯೂ ಒಂದೇ: ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ದೊಡ್ಡವರಿಗೆ ಹೇಳಿದ್ದು ವಾರಕ್ಕೆ ಕನಿಷ್ಠ 150 ನಿಮಿಷದ ಸಾಧಾರಣ ಶ್ರಮ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ನನ್ನ ಗುರಿ ಅದೇ ಲೆಕ್ಕದ್ದು. ಮಾಡಿದ ದಿನಕ್ಕೆ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಅಡ್ಡಗೆರೆ.

ಮೊದಲು ಗೆರೆಗಳ ಲೆಕ್ಕ ಹೇಳಿಬಿಡುತ್ತೇನೆ. ದೊಡ್ಡ ಗ್ರೂಪಿನಲ್ಲಿ 37, ಆ್ಯಪಿನಲ್ಲಿ 58, ಜೊತೆಗಾತಿಯೊಂದಿಗೆ 51, ನಾಲ್ವರ ಬಳಗದಲ್ಲಿ 61. ಇದನ್ನು ವಿಜ್ಞಾನ ಅಂತ ಯಾರೂ ತಪ್ಪು ತಿಳಿಯಬಾರದು. ಕೊನೆಯದಕ್ಕೆ ಬರುವ ಹೊತ್ತಿಗೆ ಕಾಲುಗಳಿಗೆ ಅಭ್ಯಾಸವಾಗಿತ್ತು, ಆ ಲಾಭ ಅದರ ಖಾತೆಗೇ ಜಮಾ ಆಗಿದೆ. ಅಂಕಿಗಿಂತ ನನಗೆ ಬೇಕಾಗಿದ್ದು ಇನ್ನೊಂದು. ನಾಲ್ಕೂ ಕಡೆ ಒಂದಲ್ಲ ಒಂದು ಕಾರಣಕ್ಕೆ ನಾನು ಕೆಲವು ದಿನ ಕಾಣೆಯಾಗಿದ್ದೆ. ಒಮ್ಮೆ ಜ್ವರ, ಒಮ್ಮೆ ಕಾಲುನೋವು, ಒಮ್ಮೆ ಶುದ್ಧ ಸೋಮಾರಿತನ, ಒಮ್ಮೆ ಆಫೀಸಿನ ವರ್ಷಾಂತ್ಯದ ಲೆಕ್ಕ. ಬಂದ ದಿನ ಹುರಿದುಂಬಿಸುವುದು ಯಾರಿಗಾದರೂ ಬರುತ್ತದೆ. ಬರದ ದಿನ ಏನಾಯಿತು ಅನ್ನುವುದನ್ನೇ ಅಳತೆಗೋಲು ಮಾಡಿಕೊಂಡೆ.

ದೊಡ್ಡ ಗ್ರೂಪಿನಲ್ಲಿ ಏನೂ ಆಗಲಿಲ್ಲ. ಹನ್ನೊಂದು ದಿನ ಜ್ವರದಲ್ಲಿ ಮಲಗಿದ್ದೆ. ಒಬ್ಬರೂ ಕೇಳಲಿಲ್ಲ, ಅವರ ತಪ್ಪೂ ಅಲ್ಲ. 240 ಜನರಲ್ಲಿ ಒಬ್ಬಳು ಇಲ್ಲ ಅಂತ ಗೊತ್ತಾಗುವುದಾದರೂ ಹೇಗೆ? ಹನ್ನೆರಡನೇ ದಿನ "ಮತ್ತೆ ಶುರು ಮಾಡಿದೆ" ಅಂತ ಬರೆದ ತಕ್ಷಣ 27 ಚಪ್ಪಾಳೆ ಬಿದ್ದವು. ಹೋಗಿದ್ದೇ ಗೊತ್ತಿಲ್ಲದವರು ಬಂದದ್ದಕ್ಕೆ ಚಪ್ಪಾಳೆ ತಟ್ಟುತ್ತಿದ್ದರು. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್ ಹಗ್ಗ ಎಳೆಸಿ ನೋಡಿ 1913ರಲ್ಲಿ ಪ್ರಕಟಿಸಿದ ಅಧ್ಯಯನ ನೆನಪಾಯಿತು. ಹಗ್ಗಕ್ಕೆ ಕೈ ಹಾಕುವವರು ಹೆಚ್ಚಿದಷ್ಟೂ ಒಬ್ಬೊಬ್ಬರ ಎಳೆತ ಇಳಿಯುತ್ತಾ ಹೋಗಿ, ಎಂಟು ಜನ ಆಗುವಷ್ಟರಲ್ಲಿ ತಲಾ ಸುಮಾರು ಅರ್ಧಕ್ಕೆ ಬಂದಿತ್ತು. ಉತ್ತೇಜನದ ಕಥೆಯೂ ಅಷ್ಟೆ. ಯಾರೋ ಒಬ್ಬರು ಹೇಳಿಯಾರು ಅಂತ ಎಲ್ಲರೂ ಸುಮ್ಮನಿರುತ್ತಾರೆ. ನಾನೂ ಸುಮ್ಮನಿದ್ದವಳೇ.

ಇನ್ನೊಂದು ತೊಂದರೆ ನನ್ನೊಳಗಿನದು. ಸೇರಿದ ದಿನವೇ "ನಾಳೆಯಿಂದ ಐದು ಗಂಟೆಗೆ ಎದ್ದು ಓಡ್ತೀನಿ" ಅಂತ ಘೋಷಣೆ ಮಾಡಿದ್ದೆ. ಬಂದ ಶುಭಾಶಯ ನೋಡಿ ಓಡಿ ಮುಗಿಸಿದಷ್ಟೇ ಖುಷಿಯಾಯಿತು, ಮಾರನೇ ದಿನ ಏಳಲಿಲ್ಲ. ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದೇ ಕಂಡಿತ್ತು. "ನಾನು ಇಂಥವನಾಗಬೇಕು" ಅನ್ನುವ ಬಗೆಯ ಸಂಕಲ್ಪವನ್ನು ಬೇರೆಯವರು ಗಮನಿಸಿದರು ಅಂತಾದರೆ, ಅದಕ್ಕಾಗಿ ಪಡುವ ಶ್ರಮ ಕಡಿಮೆಯಾಗಿತ್ತು. ಅವರು ಪರೀಕ್ಷಿಸಿದವರಲ್ಲಿ ಕಾನೂನು ವಿದ್ಯಾರ್ಥಿಗಳಿದ್ದರು. ನನ್ನ ಹಾಸಿಗೆಗೆ ಬಂದು ನೋಡಿದ್ದರೆ ಅಷ್ಟು ಕಷ್ಟಪಡಬೇಕಿರಲಿಲ್ಲ.

ಹಾಗಂತ ದೊಡ್ಡ ಗ್ರೂಪು ದಂಡ ಅಂತಲ್ಲ. ರಾತ್ರಿ ಹನ್ನೊಂದಕ್ಕೆ "ಸ್ಕ್ವಾಟ್ ಮಾಡುವಾಗ ಹಿಮ್ಮಡಿ ಮೇಲೇಳ್ತಿದೆ, ಏನು ಮಾಡಲಿ" ಅಂತ ಕೇಳಿದರೆ ಐದು ನಿಮಿಷದಲ್ಲಿ ಮೂರು ಉತ್ತರ ಬರುತ್ತವೆ. ಅದರಲ್ಲಿ ಒಂದಂತೂ ಸರಿಯಾದದ್ದು.

ಆ್ಯಪಿನ ವಿಷಯಕ್ಕೆ ಬಂದರೆ, ಅದು ಗಮನಿಸಿತು. ಗಮನಿಸದೆ ಬಿಡುವ ಜಾಯಮಾನವೇ ಅದರದ್ದಲ್ಲ. ಎರಡು ದಿನ ತಪ್ಪಿದರೆ ಬೆಳಗ್ಗೆ ಏಳಕ್ಕೆ "ನಿಮ್ಮನ್ನು ನೆನೆಸಿಕೊಳ್ಳುತ್ತಿದ್ದೇವೆ". ಐದನೇ ದಿನ ಅದೇ ವಾಕ್ಯ, ಒಂಬತ್ತನೇ ದಿನವೂ ಅದೇ. ಜೊತೆಗೆ ಪಟ್ಟಿಯಲ್ಲಿ ನನ್ನ ಹೆಸರು ಜಾರುತ್ತಾ ಹೋಗುವುದನ್ನು ಬಾಣದ ಗುರುತು ಹಾಕಿ ತೋರಿಸುವ ಸೇವೆ ಬೇರೆ.

ಆದರೂ ನಿಜ ಹೇಳಬೇಕು: ಮೊದಲ ಏಳು ವಾರ ಆ್ಯಪಿನಷ್ಟು ನನ್ನನ್ನು ಓಡಿಸಿದ್ದು ಬೇರೆ ಯಾವುದೂ ಅಲ್ಲ. ಮುಖ ನೋಡಿರದ ಯಾರೋ ಒಬ್ಬರು ನನಗಿಂತ 400 ಹೆಜ್ಜೆ ಹಿಂದಿದ್ದರು. ಊಟವಾದ ಮೇಲೆ ಅವರು ಹತ್ತಿರ ಬಂದರೆ ನಾನು ಹಜಾರದಲ್ಲಿ ಸುತ್ತು ಹಾಕುತ್ತಿದ್ದೆ. ನನಗಿಂತ ಮುಂದಿದ್ದವರ ಬಗ್ಗೆ ಅಷ್ಟೊಂದು ತಲೆ ಕೆಡಿಸಿಕೊಳ್ಳಲಿಲ್ಲ, ಹಿಂದಿದ್ದವರೇ ನಿದ್ದೆಗೆಡಿಸಿದ್ದು. ಇದು ನನ್ನೊಬ್ಬಳ ಹುಚ್ಚಲ್ಲವಂತೆ. ಸಿನಾನ್ ಅರಾಲ್ ಮತ್ತು ಕ್ರಿಸ್ಟೋಸ್ ನಿಕೊಲೈಡಿಸ್ ಸುಮಾರು 11 ಲಕ್ಷ ಓಟಗಾರರ ಐದು ವರ್ಷದ ದಾಖಲೆ ಜಾಲಾಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಡಿಮೆ ಓಡುವವರ ಓಟ ಹೆಚ್ಚು ಓಡುವವರನ್ನು ಓಡಿಸುತ್ತದೆ, ಆದರೆ ಹೆಚ್ಚು ಓಡುವವರಿಂದ ಕಡಿಮೆ ಓಡುವವರಿಗೆ ಅಂಥ ಪ್ರಭಾವ ಕಾಣಲಿಲ್ಲ. ಹಾಗಿದ್ದ ಮೇಲೆ ಪಟ್ಟಿಯ ತಳದಲ್ಲಿರುವವರಿಗೆ ಪಟ್ಟಿಯಿಂದ ಸಿಗುವುದೇನು?

ಎಂಟನೇ ವಾರದ ಹೊತ್ತಿಗೆ ನನಗೆ 41 ದಿನದ ಸ್ಟ್ರೀಕು ಕೂಡಿತ್ತು. ಗುರಿ ವಾರಕ್ಕೆ ಐದೇ ದಿನವಾಗಿದ್ದರೂ ಸ್ಟ್ರೀಕಿಗೆ ಭಾನುವಾರ ಗೊತ್ತಿಲ್ಲವಲ್ಲ. ಕಣಕಾಲಿನ ಮುಂದಿನ ಮೂಳೆಯ ಉದ್ದಕ್ಕೂ ಬೆರಳಿಟ್ಟರೆ ಚುಳುಕ್ ಅನ್ನುವ ನೋವು. ಓಡುವವರು ಶಿನ್ ಸ್ಪ್ಲಿಂಟ್ ಅನ್ನುವುದು ಇದನ್ನೇ. ತಟ್ಟನೆ ಓಟ ಏರಿಸಿದವರಿಗೆ ಸಾಮಾನ್ಯವಾಗಿ ಬರುವಂಥದ್ದು, ವಿಶ್ರಾಂತಿಯೇ ಮುಖ್ಯ ಮದ್ದು. ಇದೆಲ್ಲ ಗೊತ್ತಿದ್ದೂ ಮೂರು ದಿನ ಕುಂಟುತ್ತಲೇ ಹೊರಟೆ. ನಾಲ್ಕನೇ ದಿನ ಮೆಟ್ಟಿಲು ಇಳಿಯಲಾಗದೆ ಸ್ಟ್ರೀಕು ಮುರಿಯಿತು. ಪರದೆಯ ಮೇಲೆ 44 ಹೋಗಿ ಸೊನ್ನೆ ಬಂತು. ಆ ಸೊನ್ನೆ ನೋಡಿದ ಮೇಲೆ ಕಾಲು ವಾಸಿಯಾದರೂ ಒಂದು ವಾರ ಹೊರಡಲು ಮನಸ್ಸಾಗಲಿಲ್ಲ. 44 ದಿನ ನಡೆದ ಕಾಲುಗಳು ನನ್ನ ಹತ್ತಿರವೇ ಇದ್ದವು, ಹೋದದ್ದು ಬರೀ ಅಂಕಿ. ಆದರೆ ಆ ವಾರ ಈ ಮಾತು ನನಗೆ ಯಾರೂ ಹೇಳಲಿಲ್ಲ, ಆ್ಯಪಂತೂ ಹೇಳುವುದಿಲ್ಲ.

ಹೆಜ್ಜೆಯ ಲೆಕ್ಕದ ಬಗ್ಗೆಯೂ ಒಂದು ಮಾತು. ಹತ್ತು ಸಾವಿರ ಅನ್ನುವ ಸಂಖ್ಯೆ 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಹಬ್ಬಿದ್ದು. ಮಾನ್ಪೊ-ಕೇ ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್ ಅಂತಲೇ ಅರ್ಥ. ಸರಾಸರಿ 72 ವಯಸ್ಸಿನ ಮಹಿಳೆಯರನ್ನು ಗಮನಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 4,400 ಹೆಜ್ಜೆ ನಡೆದವರಲ್ಲೇ, 2,700ರ ಆಸುಪಾಸಿನವರಿಗಿಂತ ಸಾವಿನ ಪ್ರಮಾಣ ಕಡಿಮೆಯಿತ್ತು. ಸುಮಾರು 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಇದು ಗೊತ್ತಾಗಿದ್ದರೆ ರಾತ್ರಿ ಹತ್ತೂವರೆಗೆ 9,600ಕ್ಕೆ ಬಂದು ನಿಂತಾಗ ಹಲ್ಲುಜ್ಜುತ್ತಾ ಕುಣಿಯುವುದು ತಪ್ಪುತ್ತಿತ್ತು.

ಜೊತೆಗಾತಿ ಸಿಕ್ಕಿದ್ದು ದೊಡ್ಡ ಗ್ರೂಪಿನಲ್ಲೇ. ನನಗಿಂತ ಆರು ವರ್ಷ ದೊಡ್ಡವರು, ಹಾಗಾಗಿ ಅಕ್ಕ. ಬೆಳಗ್ಗೆ ಆರಕ್ಕೆ ಅವರ ವಾಯ್ಸ್ ನೋಟು: "ಏನೇ, ಶೂ ಹಾಕಿದ್ಯಾ?" ಅಷ್ಟೇ. ಸುಭಾಷಿತವಿಲ್ಲ, ಸೂರ್ಯೋದಯವಿಲ್ಲ. ಇದಕ್ಕೆ ಉತ್ತರ ಹೌದು ಅಥವಾ ಇಲ್ಲ, ಅದರಲ್ಲೂ "ಇಲ್ಲ" ಅಂತ ಹೇಳುವುದಕ್ಕಿಂತ ಶೂ ಹಾಕುವುದೇ ಸಲೀಸು. ಒಮ್ಮೆ ನಡೆಯುತ್ತಲೇ ನೋಟು ಕಳಿಸಿದ್ದಕ್ಕೆ, "ಹೋದ ತಿಂಗಳು ಈ ಏರಲ್ಲಿ ನಾಲ್ಕು ಮಾತಿಗೊಮ್ಮೆ ಉಸಿರು ಎಳೀತಿದ್ದೆ, ಇವತ್ತು ಒಂದೇ ಉಸಿರಿಗೆ ನನ್ನನ್ನ ಬೈದು ಮುಗಿಸಿದೆ" ಅಂದರು. ಇಡೀ ವರ್ಷದಲ್ಲಿ ಕೇಳಿದ "ಸೂಪರ್"ಗಳನ್ನೆಲ್ಲ ಒಟ್ಟುಗೂಡಿಸಿದರೂ ಈ ಒಂದು ಮಾತಿಗೆ ಸಮ ಬಾರದು. ನನಗೇ ಗೊತ್ತಿಲ್ಲದ ನನ್ನ ಪ್ರಗತಿಯನ್ನು ಅವರು ಕಿವಿಯಿಂದ ಹಿಡಿದಿದ್ದರು.

ಜೋಡಿಗೆ ಒಂದು ಬಲವಿದೆ. 1920ರ ದಶಕದಲ್ಲಿ ಒಟ್ಟೊ ಕ್ಯೋಲರ್ ಬರ್ಲಿನ್ನಿನ ದೋಣಿ ಹುಟ್ಟುಗಾರರ ಕೈಯಲ್ಲಿ ಭಾರ ಎತ್ತಿಸಿ ಇದನ್ನು ಕಂಡಿದ್ದ. ಇಬ್ಬರು ಸೇರಿ ಒಂದೇ ಸರಳು ಎತ್ತುವಾಗ, ಇಬ್ಬರಲ್ಲಿ ಕಡಿಮೆ ಬಲದವನು ತಾನೊಬ್ಬನೇ ಎತ್ತುವುದಕ್ಕಿಂತ ಹೆಚ್ಚು ಹೊತ್ತು ತಾಳುತ್ತಿದ್ದ. ಇಬ್ಬರ ನಡುವಿನ ಅಂತರ ಮಧ್ಯಮವಾಗಿರಬೇಕು, ಅದೇ ಷರತ್ತು. ಅಕ್ಕ ನನಗಿಂತ ತುಸು ಗಟ್ಟಿ, ನನಗೆ ಹೇಳಿ ಮಾಡಿಸಿದ ಜೋಡಿ.

ಎಡವಿದ್ದೆಲ್ಲಿ ಅಂದರೆ ಸ್ನೇಹದಲ್ಲೇ. ಒಂದು ದಿನ "ಅಕ್ಕಾ, ಇವತ್ತು ಬೇಡ ಅನ್ಸುತ್ತೆ" ಅಂದೆ. "ನಂಗೂ ಹಾಗೇ ಅನ್ನಿಸ್ತಿತ್ತು ಕಣೇ" ಅಂದರು. ಇಬ್ಬರೂ ಸಂತೋಷವಾಗಿ ಹೊದ್ದು ಮಲಗಿದೆವು. ಮಾರನೇ ದಿನ ಇನ್ನೂ ಸುಲಭವಾಯಿತು. ಒಂಬತ್ತು ದಿನ ಹೀಗೇ ನಡೆಯಿತು. ರಜೆ ಕೊಡುವವರೂ ನಾವೇ, ತಗೊಳ್ಳುವವರೂ ನಾವೇ. ಒಂಟಿಯಾಗಿ ಸೋಮಾರಿಯಾದರೆ ಪಾಪಪ್ರಜ್ಞೆಯಾದರೂ ಕಾಡುತ್ತದೆ, ಇಬ್ಬರಾದರೆ ಅದನ್ನೂ ಹಂಚಿಕೊಂಡು ಹಗುರ ಮಾಡಿಕೊಳ್ಳಬಹುದು.

ಆಗ ಇನ್ನಿಬ್ಬರನ್ನು ಸೇರಿಸಿಕೊಂಡೆವು. ರಾತ್ರಿಪಾಳಿ ಮಾಡುವ ಒಬ್ಬ ಹುಡುಗ, ನಿವೃತ್ತರಾದ ಒಬ್ಬ ಮೇಷ್ಟ್ರು. ನಿಯಮ ಮೂರೇ. ರಾತ್ರಿ ಒಂಬತ್ತರೊಳಗೆ ಒಂದು ಸಾಲು ಬರೆಯಬೇಕು: ಮಾಡಿದೆನೋ ಇಲ್ಲವೋ, ಎಷ್ಟು ನಿಮಿಷ, ಎಲ್ಲಿ ಕಷ್ಟವಾಯಿತು. ಫಾರ್ವರ್ಡು ನಿಷಿದ್ಧ. ವಾರಕ್ಕೊಬ್ಬರಿಗೆ ಹಾಜರಿ ಕೆಲಸ, ಯಾರಾದರೂ ಸತತ ಎರಡು ದಿನ ಕಾಣದಿದ್ದರೆ ಅವರೇ ವಿಚಾರಿಸಬೇಕು. ಒಂದು ದಿನ ತಪ್ಪಿದರೆ ಯಾರೂ ಕೇಳುವ ಹಾಗಿಲ್ಲ. ಇದನ್ನು ಹಟ ಹಿಡಿದು ಸೇರಿಸಿದ್ದು ನಾನು. ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು ಲಂಡನ್ನಿನಲ್ಲಿ 96 ಜನರನ್ನು ಹನ್ನೆರಡು ವಾರ ಗಮನಿಸಿದಾಗ (ನನ್ನ ಹನ್ನೆರಡು ವಾರ ಅಲ್ಲಿಂದಲೇ ಕದ್ದದ್ದು), ಒಂದು ಕೆಲಸ ಅಭ್ಯಾಸವಾಗಲು ಹಿಡಿದದ್ದು ಸರಾಸರಿ 66 ದಿನ. ಕೆಲವರಿಗೆ 18 ಸಾಕಾಗಿತ್ತು, ಲೆಕ್ಕದ ಪ್ರಕಾರ ಕೆಲವರಿಗೆ 254ರವರೆಗೂ ಬೇಕಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟ ಆಗಿರಲಿಲ್ಲ. ಸ್ಟ್ರೀಕಿನ ಸೊನ್ನೆಗೆ ನಾನು ಕೊಟ್ಟ ಉತ್ತರ ಈ ನಿಯಮ.

ಮೇಷ್ಟ್ರ ವರದಿಗಳನ್ನು ಓದುವುದಕ್ಕಾಗಿಯೇ ಒಂಬತ್ತು ಗಂಟೆಗೆ ಕಾಯುತ್ತಿದ್ದೆ. "ಕೈ ಊರದೆ ಕುರ್ಚಿಯಿಂದ ಎದ್ದು ಕೂತದ್ದು ಹತ್ತು ಸಲ. ಏಳನೆಯದಕ್ಕೆ ಕಿರ್ ಅಂದದ್ದು ಕುರ್ಚಿ, ನನ್ನ ಮಂಡಿಯಲ್ಲ." ಹುಡುಗನದು ಎರಡೇ ಪದ: "20 ಪುಷಪ್ಪು." ವರ್ಷಾಂತ್ಯದ ಲೆಕ್ಕದಲ್ಲಿ ನಾನು ಮುಳುಗಿಹೋದಾಗ ಮೂರನೇ ದಿನ ಅವನಿಂದಲೇ ಮೆಸೇಜು ಬಂತು: "ಅಕ್ಕಾ, ಎರಡು ದಿನದಿಂದ ಇಲ್ಲ. ಹುಷಾರಿದೀರಾ? ಕೆಲಸ ಜಾಸ್ತಿ ಅಂದ್ರೆ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ, ಅದನ್ನೇ ಬರೀರಿ." ಹತ್ತಿದೆ. ಆರು ನಿಮಿಷ ಅಂತ ಬರೆದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ, "ಸರಿ" ಅಂದರು. ಆ "ಸರಿ" ಹಿತವಾಗಿತ್ತು.

ಇಲ್ಲೂ ಮುಳ್ಳಿದೆ. ಒಮ್ಮೆ ಹುಡುಗ ಮೇಷ್ಟ್ರ ಪ್ಲ್ಯಾಂಕ್ (ಮೊಣಕೈ ಊರಿ ಮೈ ನೆಟ್ಟಗೆ ಹಿಡಿದು ನಿಲ್ಲುವ ವ್ಯಾಯಾಮ) ಫೋಟೋ ನೋಡಿ, ಸೊಂಟ ಜೋತುಬಿದ್ದಿದೆ ಅಂತ ಎಲ್ಲರೆದುರೇ ಹೇಳಿಬಿಟ್ಟ. ಅವನು ಹೇಳಿದ್ದು ಸರಿಯೇ. ಮೇಷ್ಟ್ರು ಮೂರು ದಿನ ಮೌನ. ದೊಡ್ಡ ಗ್ರೂಪಿನಲ್ಲಾದರೆ ಇಂಥದ್ದು ಅರ್ಧ ಗಂಟೆಯಲ್ಲಿ ಹೂತುಹೋಗುತ್ತದೆ, ನಾಲ್ವರಲ್ಲಿ ಒಬ್ಬರು ಮುನಿಸಿಕೊಂಡರೆ ಕಾಲುಭಾಗ ಬಳಗವೇ ಮುನಿಸಿಕೊಂಡ ಹಾಗೆ. ತಿದ್ದುವುದಿದ್ದರೆ ಖಾಸಗಿಯಾಗಿ ಅನ್ನುವುದು ಅಂದಿನಿಂದ ನಾಲ್ಕನೇ ನಿಯಮ. ಇನ್ನು ನೋವು-ಗಾಯದ ವಿಷಯದಲ್ಲಿ ನಾಲ್ವರೂ ಸಮಾನ ಅಜ್ಞಾನಿಗಳು, ಅದಕ್ಕೆ ವೈದ್ಯರನ್ನೋ ಫಿಸಿಯೋಥೆರಪಿಸ್ಟನ್ನೋ ಕಾಣದೆ ವಿಧಿಯಿಲ್ಲ.

ಯಾವುದನ್ನು ಆರಿಸಲಿ ಅಂತ ಕೇಳಿದವರಿಗೆ ನಾನು ಹೇಳುವುದು ಇಷ್ಟು. ಆಗಲೇ ಓಡುವ ಅಭ್ಯಾಸವಿದ್ದು, ಅಂಕಿ ಕಂಡರೆ ಹುರುಪು ಬರುವವರಿಗೆ ಆ್ಯಪು ಸಾಕು, ಆದರೆ ಸ್ಟ್ರೀಕನ್ನು ಮರೆಮಾಡುವ ಸೆಟ್ಟಿಂಗ್ ಇದ್ದರೆ ಮೊದಲ ದಿನವೇ ಒತ್ತಿಬಿಡಿ. ಸೊನ್ನೆಯಿಂದ ಶುರು ಮಾಡುವವರು ದೊಡ್ಡ ಗ್ರೂಪಿಗೆ ಸೇರಿ, ಮ್ಯೂಟ್ ಮಾಡಿ, ಅಲ್ಲಿಂದ ಇಬ್ಬರು ಮೂವರನ್ನು ಆಯ್ದು ಹೊರಗೆ ಕರೆದುಕೊಂಡು ಬನ್ನಿ. ಅತಿ ಹೆಚ್ಚು ಚಪ್ಪಾಳೆ ತಟ್ಟುವವರನ್ನಲ್ಲ, "ಮಾಡಲಿಲ್ಲ" ಅಂತ ಒಪ್ಪಿಕೊಳ್ಳುವವರನ್ನು.

ಈ ವಾರ ಹಾಜರಿ ನನ್ನದು. ಹುಡುಗ ಎರಡು ದಿನದಿಂದ ಕಂಡಿಲ್ಲ. "ಬಿಡಬೇಡ, ನಿನ್ನಿಂದ ಆಗುತ್ತೆ" ಅಂತ ಟೈಪ್ ಮಾಡಿದವಳು ಅಳಿಸಿ, "ಏನಪ್ಪಾ, ಪಾಳಿ ಬದಲಾಯ್ತಾ?" ಅಂತ ಕಳಿಸಿದೆ. ನಾಲ್ಕು ಗಂಟೆ ಬಿಟ್ಟು ಉತ್ತರ ಬಂತು: "ಹೌದಕ್ಕಾ, ಈಗ ಎದ್ದೆ. ಹತ್ತಾದ್ರೂ ಮಾಡ್ತೀನಿ." ಒಂಬತ್ತಕ್ಕೆ ಎರಡು ನಿಮಿಷ ಇರುವಾಗ ಇನ್ನೊಂದು: "12 ಪುಷಪ್ಪು." ಮೇಷ್ಟ್ರು ಅದರ ಕೆಳಗೆ ಬರೆದರು, "ಸರಿ."