ದೊಡ್ಡ ಹೋಂಸ್ಟೇ ಬುಕ್ ಮಾಡುವ ಮೊದಲು ಬಚ್ಚಲಿನ ಫೋಟೋ ಕೇಳಿ

ನೆಂಟರಿಷ್ಟರೆಲ್ಲ ಸೇರಿ ದೊಡ್ಡ ಹೋಂಸ್ಟೇಗೆ ಹೊರಟಿದ್ದೀರಾ? ಅಲ್ಲಿ ಬಚ್ಚಲೊಳಗೆ ಗ್ಯಾಸ್ ಗೀಸರ್ ಇದ್ದರೆ ದಯವಿಟ್ಟು ಅದನ್ನು ಹಚ್ಚಿಟ್ಟುಕೊಂಡು ಸ್ನಾನ ಮಾಡಬೇಡಿ. ನನ್ನ ಅತ್ತಿಗೆಯ ಮಗಳು ಅದರಿಂದಲೇ ಪ್ರಜ್ಞೆ ತಪ್ಪಿ ಬಿದ್ದಳು. ಈಗ ಹುಷಾರಾಗಿದ್ದಾಳೆ. ಆದರೆ ನಮ್ಮ ಮನೆಯವರ ಭಯ ಇನ್ನೂ ಹೋಗಿಲ್ಲ.

ಆ ಮನೆ ಇರುವುದು ಹೊನ್ನಾವರದಿಂದ ಗೇರುಸೊಪ್ಪೆಗೆ ಹೋಗುವ ದಾರಿಯಲ್ಲಿ, ಸ್ವಲ್ಪ ಒಳಗೆ. ಒಂದು ಕಡೆ ಶರಾವತಿ, ಹಿಂದೆ ಘಟ್ಟ. ಕಾಸರಕೋಡಿನ ಕಡಲತೀರಕ್ಕೂ ಹೋಗಬಹುದು, ಘಟ್ಟ ಹತ್ತಿ ಜೋಗಕ್ಕೂ ಹೋಗಬಹುದು. ಹಳೇ ಹಂಚಿನ ಮನೆಯನ್ನು ದೊಡ್ಡದು ಮಾಡಿ ಬಾಡಿಗೆಗೆ ಕೊಡುತ್ತಿದ್ದಾರೆ. ಜಗುಲಿ, ಉಯ್ಯಾಲೆ, ಅಡಿಕೆ ತೋಟ ಎಲ್ಲದರ ಫೋಟೋ ಹಾಕಿದ್ದರು. ಬಚ್ಚಲಿನದು ಇರಲಿಲ್ಲ. ಮನೆ ಚೆಂದವೇ ಇತ್ತು, ಅಡುಗೆಯವರು ಪ್ರೀತಿಯಿಂದ ಬಡಿಸಿದರು. ಅದರ ಬಗ್ಗೆ ದೂರಿಲ್ಲ.

ಆ ಕಡೆಯ ಹಳೇ ಮನೆಗಳಲ್ಲಿ ಬಚ್ಚಲುಮನೆ ಹಿತ್ತಿಲ ಕಡೆಗೆ ಇರುತ್ತದೆ. ಹಂಡೆಯ ಒಲೆಗೆ ಕಟ್ಟಿಗೆ ಹಾಕಿದರೆ ಹೊಗೆ ಹಂಚಿನ ಸಂದಿಯಿಂದ ಹೊರಗೆ ಹೋಗುತ್ತದೆ. ಇಲ್ಲಿ ಅದನ್ನು ಕಿತ್ತುಹಾಕಿ, ಕೋಣೆಗೆ ಹೊಂದಿಕೊಂಡ ಹಾಗೆ ಸಣ್ಣ ಬಾತ್‌ರೂಮ್ ಕಟ್ಟಿದ್ದಾರೆ. ಗೋಡೆಗೆಲ್ಲ ಟೈಲ್ಸ್, ಮೇಲೆ ಕಾಂಕ್ರೀಟ್, ಬಿಗಿಯಾಗಿ ಕೂರುವ ಬಾಗಿಲು. ಇದ್ದ ಒಂದು ಕಿಟಕಿಗೂ ಮಳೆ ಎರಚಲು ಬರುತ್ತದೆಂದು ಪ್ಲಾಸ್ಟಿಕ್ ಹೊಡೆದಿದ್ದಾರೆ. ಗೀಸರ್ ಅದರೊಳಗೇ. ಮಳೆಗಾಲದಲ್ಲಿ ಕರೆಂಟ್ ನಂಬುವ ಹಾಗಿಲ್ಲ, ಅದಕ್ಕೇ ಗ್ಯಾಸ್ ಇಟ್ಟಿದ್ದೇವೆ ಎಂದರು.

ಗ್ಯಾಸ್ ಚೆನ್ನಾಗಿ ಉರಿಯಲು ಗಾಳಿ ಬೇಕು. ಮುಚ್ಚಿದ ಕೋಣೆಯಲ್ಲಿ ಉರಿ ಅಲ್ಲಿನ ಆಮ್ಲಜನಕವನ್ನು ತಿನ್ನುತ್ತಾ ಹೋಗುತ್ತದೆ. ಅದು ಕಡಿಮೆಯಾದಂತೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಸಿಲಿಂಡರ್ ಸೋರಿದರೆ ಬರುವ ವಾಸನೆಯೂ ಇಲ್ಲಿ ಬರುವುದಿಲ್ಲ, ಯಾಕೆಂದರೆ ಇದು ಸೋರಿಕೆಯೇ ಅಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ, ಹಾಗಾಗಿ ಮೈಗೆ ಬೇಕಾದ ಆಮ್ಲಜನಕ ಸಿಗುವುದಿಲ್ಲ. ದೊಡ್ಡ ಮನೆಗಳಲ್ಲಿ ಅಪಾಯ ಹೆಚ್ಚುವುದು ಇಲ್ಲೇ. ಬೆಳಿಗ್ಗೆ ಒಬ್ಬರ ಹಿಂದೆ ಒಬ್ಬರು ಸ್ನಾನಕ್ಕೆ ಹೋಗುತ್ತಾರೆ, ಗೀಸರ್ ಆರುವುದೇ ಇಲ್ಲ. ಕೊನೆಗೆ ಹೋದವರ ಪಾಲಿಗೆ ಉಳಿಯುವುದು ಆ ಗಾಳಿ.

ನಮ್ಮಲ್ಲಿ ಕೊನೆಗೆ ಹೋದದ್ದು ಆ ಹುಡುಗಿ. ಅವಳಿಗಿಂತ ಮುಂಚೆ ಸ್ನಾನ ಮಾಡಿದ ದೊಡ್ಡಮ್ಮ ತಲೆನೋವು, ವಾಂತಿ ಬರುವ ಹಾಗಿದೆ ಎನ್ನುತ್ತಿದ್ದರು. ಘಟ್ಟದ ತಿರುವುಗಳಲ್ಲಿ ಸುತ್ತಿದ್ದಕ್ಕೆ ಪಿತ್ತ ಆಗಿರಬೇಕು ಎಂದು ಎಲ್ಲರೂ ಅಂದುಕೊಂಡೆವು. ಅಷ್ಟರಲ್ಲಿ ಬಚ್ಚಲಲ್ಲಿ ಧಡ್ ಎಂದು ಸದ್ದಾಯಿತು. ಕೂಗಿದರೆ ಉತ್ತರ ಇಲ್ಲ. ಭಾವ ಒದ್ದು ಚಿಲಕ ಮುರಿದರು. ಅವಳನ್ನು ಜಗುಲಿಗೆ ಎತ್ತಿ ತಂದು ಗಾಳಿಗೆ ಮಲಗಿಸಿದ ಮೇಲೆ ನಿಧಾನವಾಗಿ ಕಣ್ಣು ಬಿಟ್ಟಳು.

ಇನ್ನೊಂದು ವಿಷಯ ಮುಖ್ಯ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ದೊಡ್ಡಮ್ಮನ ಚೀಲದಲ್ಲಿತ್ತು. ಹುಡುಗಿಯ ಬೆರಳಿಗೆ ಹಾಕಿದರೆ 98 ತೋರಿಸಿತು. ಸರಿಯಾಗೇ ಇದೆ, ಮಲಗಲಿ ಬಿಡಿ ಎಂದರು ಕೆಲವರು. ಭಾವ ಕೇಳಲಿಲ್ಲ, ಕಾರು ತೆಗೆದರು. ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ಆಕ್ಸಿಜನ್ ಹಾಕಿಸಿದರು. ಆ ಯಂತ್ರಕ್ಕೆ ಆಮ್ಲಜನಕಕ್ಕೂ ಈ ವಿಷಗಾಳಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಅದನ್ನು ರಕ್ತ ಪರೀಕ್ಷೆಯಿಂದಲೇ ನೋಡಬೇಕು ಎಂದು ತಿಳಿಸಿದರು. ಹಾಗಾಗಿ ಸ್ನಾನದ ಮನೆಯಲ್ಲಿ ಯಾರಾದರೂ ಬಿದ್ದರೆ ಆ ಅಂಕಿಯನ್ನು ನಂಬಿ ಕೂರಬೇಡಿ. ಹೊರಗೆ ಎಳೆಯಿರಿ, ಗ್ಯಾಸ್ ಆರಿಸಿ, 108ಕ್ಕೆ ಫೋನ್ ಮಾಡಿ. ಸಿಗ್ನಲ್ ಸಿಗದಿದ್ದರೆ ಸಿಕ್ಕ ಗಾಡಿಯಲ್ಲೇ ಹೊರಡಿ.

ಮನೆ ಮಾಲೀಕರು ಫೋನಿನಲ್ಲಿ ಹೇಳಿದ್ದು, "ಇಷ್ಟು ವರ್ಷ ಯಾರಿಗೂ ಏನೂ ಆಗಿಲ್ಲ ಸರ್, ಮಗು ಏನೂ ತಿಂದಿರಲಿಲ್ಲ ಅನಿಸುತ್ತೆ." ದುಡ್ಡು ವಾಪಸ್ ಕೊಡದಿದ್ದರೂ ಪರವಾಗಿಲ್ಲ, ಗೀಸರನ್ನು ಹೊರಗಿನ ಗೋಡೆಗೆ ಹಾಕಿಸಿ ಎಂದು ಬೇಡಿಕೊಂಡೆ. ನೋಡೋಣ ಎಂದರು. ಈ ಮಾತು ನನ್ನನ್ನು ಕುದಿಸಿತು. ಪೈಪ್ ಒಂದು ಗೋಡೆ ದಾಟಿ ಹೋಗಬೇಕು, ಅಷ್ಟೇ ಅಲ್ವಾ? ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ.

ಬುಕ್ ಮಾಡುವಾಗ ನೀರು ಯಾವುದರಿಂದ ಕಾಯುತ್ತದೆ ಎಂದು ಕೇಳಿ. ಗ್ಯಾಸ್ ಎಂದರೆ ಗೀಸರ್ ಎಲ್ಲಿದೆ, ಕಿಟಕಿ ತೆರೆದೇ ಇರುತ್ತದಾ ಎಂದು ಫೋಟೋ ತರಿಸಿಕೊಳ್ಳಿ. ಕಳಿಸದಿದ್ದರೆ ಬೇರೆ ಮನೆ ನೋಡಿ. ಈಗಾಗಲೇ ಅಂಥ ಕಡೆ ಇದ್ದೀರಾದರೆ ಬಕೆಟ್ ತುಂಬಿಸಿಕೊಂಡು ಗೀಸರ್ ಆರಿಸಿ, ಬಾಗಿಲು ಕಿಟಕಿ ತೆರೆದು ಸ್ವಲ್ಪ ಹೊತ್ತು ಗಾಳಿಯಾಡಿಸಿ, ಆಮೇಲೆ ಸ್ನಾನಕ್ಕೆ ಹೋಗಿ. ಮಕ್ಕಳಿಗೆ ಒಳಗಿನಿಂದ ಚಿಲಕ ಹಾಕಬೇಡಿ ಎಂದು ಹೇಳಿ.